ಕರ್ತೃವಿಲ್ಲದ ಕ್ರಿಯಾಪದ: ಕಾಫ್ಕಾನ ಕೋಟೆ ಮತ್ತು ಕನ್ನಡದ ಕಚೇರಿ

ಸ್ನಾತಕೋತ್ತರ ತರಗತಿಗಳಲ್ಲಿ ನವ್ಯ ಸಾಹಿತ್ಯವನ್ನು ಪಾಠ ಹೇಳುವ ನಾವೆಲ್ಲರೂ ಒಂದಲ್ಲ ಒಂದು ಸಂದರ್ಭದಲ್ಲಿ ಫ್ರಾನ್ಸ್ ಕಾಫ್ಕಾನ ಹೆಸರನ್ನು ಹೇಳಿಯೇ ಹೇಳುತ್ತೇವೆ. ಯಶವಂತ ಚಿತ್ತಾಲರ 'ಶಿಕಾರಿ'ಯ ಪಾಠ ಬಂದಾಗ ಕಾಫ್ಕಾ ಬರುತ್ತಾನೆ. ಅಸಂಗತ ನಾಟಕಗಳ ಚರ್ಚೆಯಲ್ಲಿ, ಮೈಸೂರಿನವರೇ ಆಗಿದ್ದ ನ. ರತ್ನ ಅವರ 'ಎಲ್ಲಿಗೆ' ನಾಟಕವನ್ನು ಪ್ರಸ್ತಾಪಿಸುವಾಗ ಬರುತ್ತಾನೆ. ಪೂರ್ಣಚಂದ್ರ ತೇಜಸ್ವಿಯವರ 'ತಬರನ ಕಥೆ'ಯನ್ನು ಓದುವಾಗಲೂ ಬರುತ್ತಾನೆ. ಹೆಸರು ಬಂದೊಡನೆ ನಮ್ಮ ವಿವರಣೆಯೂ ಮುಗಿಯುತ್ತದೆ. 'ಇದೊಂದು ಅಸಂಗತ ಸ್ಥಿತಿ, ಆಧುನಿಕ ಮನುಷ್ಯನ ಪರಕೀಯತೆ' ಎಂದು ಹೇಳಿ ನಾವು ಮುಂದಿನ ಪಠ್ಯಕ್ಕೆ ಹೋಗುತ್ತೇವೆ. ವಿವರಿಸಬೇಕಾದದ್ದನ್ನು ವಿವರಿಸದೆ ಬಿಡುವುದಕ್ಕೆ 'ಅಸಂಗತ' ಎಂಬ ಪದ ನಮಗೆ ಒಂದು ಅನುಕೂಲವಾಗಿ ಒದಗಿದೆ. ಈ ಲೇಖನ ಆ ಅಭ್ಯಾಸದ ಮೇಲಿನ ಒಂದು ತಕರಾರು.

ತಕರಾರು ಹುಟ್ಟಿದ್ದು ಗ್ರಂಥಾಲಯದಲ್ಲಲ್ಲ, ನಾನು ವಾಸವಾಗಿರುವ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ. ಒಂಟಿಕೊಪ್ಪಲು, ಕನ್ನೇಗೌಡನ ಕೊಪ್ಪಲು, ಮಂಚೇಗೌಡನ ಕೊಪ್ಪಲುಗಳಂತೆ ಇದೂ ನಗರವು ಬೆಳೆಯುತ್ತ ತನ್ನೊಳಕ್ಕೆ ಸೇರಿಸಿಕೊಂಡ ಒಂದು ಹಳ್ಳಿ. ಹೆಸರಿನಲ್ಲಿ ಕುಂಬಾರರೂ ಉಳಿದಿದ್ದಾರೆ, ಕೊಪ್ಪಲೂ ಉಳಿದಿದೆ. ಸುತ್ತ ಮಾತ್ರ ನಗರವಿದೆ. ನಮ್ಮ ಬೀದಿಯ ಹಿರಿಯರೊಬ್ಬರು ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಮನೆಗೆ ಬಂದರು. ಅವರ ಹಿರೀಕರು ಚಕ್ರ ತಿರುಗಿಸಿದವರು. ಅವರಾಗಲೇ ಆ ಕಸುಬನ್ನು ಬಿಟ್ಟಿದ್ದರು. ಅವರ ತಂದೆಯ ಹೆಸರು ಒಂದು ದಾಖಲೆಯಲ್ಲಿ ಶೆಟ್ಟಿ ಎಂದು ಕೊನೆಗೊಳ್ಳುತ್ತಿತ್ತು, ಇನ್ನೊಂದರಲ್ಲಿ ಆ ಶೆಟ್ಟಿ ಇರಲಿಲ್ಲ. ಅಷ್ಟರಿಂದ ಮನೆಯ ಖಾತೆ ಮಕ್ಕಳ ಹೆಸರಿಗೆ ಬರುವುದು ನಿಂತುಹೋಗಿತ್ತು. 'ಮೇಷ್ಟ್ರೇ, ನೀವು ಕನ್ನಡದೋರು, ಒಂದು ಅರ್ಜಿ ಬರ್ಕೊಡಿ' ಎಂದರು.

ನಾನು ಬರೆದುಕೊಟ್ಟೆ. ಅದು ನಯವಾದ, ಸ್ಪಷ್ಟವಾದ ಕನ್ನಡದಲ್ಲಿತ್ತು ಎಂಬುದು ನನ್ನ ನಂಬಿಕೆ. ಕಚೇರಿಯ ಬಾಗಿಲಲ್ಲಿ ಅರ್ಜಿ ಬರೆದು ಜೀವನ ಮಾಡುವವರೊಬ್ಬರು ಅದನ್ನು ಓದಿ, 'ಇದು ಕಾಗದ ಆಯ್ತು, ಅರ್ಜಿ ಆಗ್ಲಿಲ್ಲ' ಎಂದು ಹೊಸದಾಗಿ ಬರೆದರಂತೆ. ವಿಷಯ, ಉಲ್ಲೇಖ, 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂಬ ಆರಂಭ, ಕೊನೆಗೆ ಪ್ರಾರ್ಥನೆ, ಎಲ್ಲವೂ ಅದರಲ್ಲಿದ್ದವು. ತಿಂಗಳುಗಳ ಮೇಲೆ ಅದಕ್ಕೊಂದು ಹಿಂಬರಹ ಬಂತು. ಅದನ್ನು ಹಿಡಿದು ಹಿರಿಯರು ಮತ್ತೆ ನನ್ನಲ್ಲಿಗೆ ಬಂದರು. ಅರ್ಜಿಯನ್ನು ಪರಿಶೀಲಿಸಲಾಗಿ, ದಾಖಲೆಗಳು ತಾಳೆಯಾಗದಿರುವುದು ಕಂಡುಬಂದಿರುವುದರಿಂದ, ನಿಯಮಾನುಸಾರ ಮುಂದಿನ ಕ್ರಮಕ್ಕೆ ಅವಕಾಶವಿರುವುದಿಲ್ಲವೆಂದು ತಿಳಿಯಪಡಿಸಲಾಗಿದೆ ಎಂಬುದು ಅದರ ಒಕ್ಕಣೆ. ನಾನು ಎರಡು ಸಲ ಓದಿ ಹೇಳಿದೆ. ಅವರು ಕೇಳಿಸಿಕೊಂಡು, 'ಅದು ಸರಿ ಮೇಷ್ಟ್ರೇ. ಇದ್ರಲ್ಲಿ ಆಗಲ್ಲ ಅಂದೋರು ಯಾರು?' ಎಂದು ಕೇಳಿದರು. ವಾಕ್ಯದಲ್ಲಿ ಹುಡುಕಿದೆ. ಯಾರೂ ಇರಲಿಲ್ಲ. ಕನ್ನಡ ವ್ಯಾಕರಣವನ್ನು ಇಷ್ಟು ವರ್ಷ ಪಾಠ ಹೇಳಿದ ನನಗೆ ಆ ವಾಕ್ಯದ ಕರ್ತೃಪದವನ್ನು ತೋರಿಸಲಾಗಲಿಲ್ಲ.

1

ಆ ಪ್ರಶ್ನೆಯನ್ನು ಇಟ್ಟುಕೊಂಡು ಕಾಫ್ಕಾನ 'ದಿ ಕ್ಯಾಸಲ್' ಕಾದಂಬರಿಯನ್ನು ಮತ್ತೊಮ್ಮೆ ಓದಿದೆ. 1922ರಲ್ಲಿ ಬರೆಯತೊಡಗಿ ಆ ವರ್ಷವೇ ಕೈಬಿಟ್ಟ ಕೃತಿ ಇದು. 1924ರಲ್ಲಿ ಆತ ತೀರಿಕೊಂಡ ಮೇಲೆ, 1926ರಲ್ಲಿ ಅವನ ಗೆಳೆಯ ಮ್ಯಾಕ್ಸ್ ಬ್ರಾಡ್ ಇದನ್ನು ಪ್ರಕಟಿಸಿದ. ಕಾಫ್ಕಾ ಕಾನೂನು ಓದಿದವನು. 1908ರಿಂದ 1922ರವರೆಗೆ ಪ್ರಾಗ್ ನಗರದಲ್ಲಿ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯೊಂದರಲ್ಲಿ ಅಧಿಕಾರಿಯಾಗಿದ್ದವನು. ಯಂತ್ರಕ್ಕೆ ಬೆರಳು ಕೊಟ್ಟ ಕೂಲಿಕಾರರ ಕಾಗದಗಳು ಅವನ ಮೇಜಿನ ಮೇಲೆ ಬರುತ್ತಿದ್ದವು. ಅವನ ಕೋಟೆ ಕನಸಿನಿಂದ ಬಂದದ್ದಲ್ಲ, ಕಡತದಿಂದ ಬಂದದ್ದು ಎಂಬುದನ್ನು ನಮ್ಮ ವಿಮರ್ಶೆ ಸಾಮಾನ್ಯವಾಗಿ ಗಮನಿಸುವುದಿಲ್ಲ.

ಕಾದಂಬರಿಯ ನಾಯಕ ಕೆ. ಎಂಬಾತ ಹಿಮ ಮುಚ್ಚಿದ ಒಂದು ಹಳ್ಳಿಗೆ ರಾತ್ರಿ ಹೊತ್ತು ಬರುತ್ತಾನೆ. ತನ್ನನ್ನು ಕೋಟೆಯವರು ಮೋಜಣಿದಾರನಾಗಿ ನೇಮಿಸಿ ಕರೆಸಿದ್ದಾರೆ ಎನ್ನುತ್ತಾನೆ. ಮರುದಿನ ಕೋಟೆಯ ಕಡೆಗೆ ನಡೆದರೆ ದಾರಿ ಅದರ ಹತ್ತಿರಕ್ಕೆ ಹೋದಂತೆ ಮಾಡಿ ಬೇರೆ ಕಡೆಗೆ ತಿರುಗುತ್ತದೆ. ನೇಮಕವನ್ನು ಒಪ್ಪಿದಂತೆಯೂ ಒಪ್ಪದಂತೆಯೂ ಕಾಣುವ ಪತ್ರವೊಂದು ಅವನಿಗೆ ಬರುತ್ತದೆ. ಹಳ್ಳಿಯ ಮುಖ್ಯಸ್ಥನನ್ನು ಕೇಳಿದರೆ, ಮೋಜಣಿದಾರನ ಅಗತ್ಯವೇ ಇಲ್ಲವೆಂದೂ, ಬಹಳ ವರ್ಷಗಳ ಹಿಂದೆ ಮೋಜಣಿದಾರನನ್ನು ನೇಮಿಸುವ ಬಗ್ಗೆ ಆದೇಶವೊಂದು ಬಂದಿತ್ತೆಂದೂ, 'ಬೇಡ' ಎಂಬ ಉತ್ತರ ಬೇರೊಂದು ವಿಭಾಗಕ್ಕೆ ಹೋಯಿತೆಂದೂ ಹೇಳುತ್ತಾನೆ. ಆ ಆದೇಶವನ್ನು ಹುಡುಕಲು ಅವನ ಹೆಂಡತಿ ಬೀರುವಿನ ಬಾಗಿಲು ತೆರೆದಾಗ ಕಾಗದಗಳು ನೆಲದ ತುಂಬ ಹರಡಿಕೊಳ್ಳುತ್ತವೆ. ಆದೇಶ ಸಿಕ್ಕುವುದಿಲ್ಲ. ಮೋಜಣಿ ಮಾಡಲು ಬಂದವನು ಕೊನೆಗೆ ಶಾಲೆಯ ಜವಾನನಾಗುತ್ತಾನೆ.

ಕೋಟೆಯ ಬಗೆಗಿನ ವ್ಯಾಖ್ಯಾನಗಳಲ್ಲಿ ಬ್ರಾಡ್ ಮಾಡಿದ್ದು ಮೊದಲನೆಯದು: ಕೋಟೆ ಎಂದರೆ ದೈವಾನುಗ್ರಹ, ಕೆ.ಯ ಅಲೆದಾಟ ಮನುಷ್ಯನ ಮೋಕ್ಷದ ಹುಡುಕಾಟ. ಈ ಧಾರ್ಮಿಕ ಓದನ್ನು ನಂತರದ ವಿಮರ್ಶಕರು ಬಲವಾಗಿ ಪ್ರಶ್ನಿಸಿದರು. ಆದರೆ ಕರ್ನಾಟಕದ ಓದುಗನಿಗೆ ಅದು ಬೇರೊಂದು ರೀತಿಯಲ್ಲಿ ಪರಿಚಿತವಾಗಿದೆ. 1956ರಲ್ಲಿ ಪೂರ್ಣಗೊಂಡ ವಿಧಾನಸೌಧದ ಹಣೆಯ ಮೇಲೆಯೇ 'ಸರ್ಕಾರದ ಕೆಲಸ ದೇವರ ಕೆಲಸ' ಎಂದಿದೆ. ಅಧಿಕಾರಿಗೆ ಶ್ರದ್ಧೆಯನ್ನು ಕಲಿಸುವುದು ಆ ಬರಹದ ಉದ್ದೇಶ. ಕೆಳಗೆ ನಿಂತು ತಲೆ ಎತ್ತಿ ಓದುವ ಅರ್ಜಿದಾರನಿಗೆ ಮಾತ್ರ ಅದು ಇನ್ನೊಂದು ಅರ್ಥವನ್ನೂ ಕೊಡುತ್ತದೆ: ದೇವರ ಕೆಲಸ ಯಾವಾಗ ಆಗುತ್ತದೆಂದು ಕೇಳುವಂತಿಲ್ಲ.

2

ಕನ್ನಡದ ಕಥನಕ್ಕೆ ಬರೋಣ. ತೇಜಸ್ವಿಯವರ 'ತಬರನ ಕಥೆ' 1973ರ 'ಅಬಚೂರಿನ ಪೋಸ್ಟಾಫೀಸು' ಸಂಕಲನದಲ್ಲಿದೆ. ಗಿರೀಶ ಕಾಸರವಳ್ಳಿಯವರು ಅದನ್ನು 1986ರಲ್ಲಿ ಚಿತ್ರವಾಗಿಸಿದರು. ಆ ವರ್ಷದ ಅತ್ಯುತ್ತಮ ಕಥಾಚಿತ್ರಕ್ಕೆ ಮತ್ತು ಅತ್ಯುತ್ತಮ ನಟನಿಗೆ ಸಲ್ಲುವ ರಾಷ್ಟ್ರಪ್ರಶಸ್ತಿಗಳೆರಡೂ ಅದಕ್ಕೆ ದೊರೆತವು. ಕತೆಯನ್ನು ಬರೆದವರು ಬೆಳೆದ ಮನೆ, ಒಂಟಿಕೊಪ್ಪಲಿನ 'ಉದಯರವಿ', ನಮ್ಮ ಕೊಪ್ಪಲಿನಿಂದ ಹೆಚ್ಚು ದೂರದಲ್ಲಿಲ್ಲ. ತಬರ ಪುರಸಭೆಯ ಕೆಳಹಂತದ ನೌಕರ. ಸರ್ಕಾರವನ್ನು ನಂಬಿ ಬದುಕಿದವನು, ಸ್ವಾತಂತ್ರ್ಯ ಬಂದಾಗ ಇನ್ನಷ್ಟು ನಂಬಿದವನು. ನಿವೃತ್ತನಾದ ಮೇಲೆ ತನಗೆ ಬರಬೇಕಾದ ಹಣಕ್ಕಾಗಿ ಅಲೆಯುತ್ತಾನೆ. ಅಷ್ಟರಲ್ಲಿ ಹೆಂಡತಿಯ ಕಾಲಿನ ಹುಣ್ಣು ಮೇಲೇರುತ್ತದೆ. ಹಣ ಕೊಡುವುದಿಲ್ಲವೆಂದು ಅವನಿಗೆ ಯಾರೂ ಹೇಳುವುದಿಲ್ಲ. ಹಾಗೆ ಯಾರಾದರೂ ಹೇಳಿದ್ದರೆ ತಬರ ಜಗಳವಾಡಬಹುದಿತ್ತು, ಅಳಬಹುದಿತ್ತು, ಸಾಲ ಮಾಡಿ ಹೆಂಡತಿಯ ಪ್ರಾಣವನ್ನು ಉಳಿಸಲು ನೋಡಬಹುದಿತ್ತು. 'ಇಲ್ಲ' ಎನ್ನುವವರಿಲ್ಲದ ಕಾರಣ 'ಆಗುತ್ತದೆ' ಎಂಬ ಆಸೆಯೂ ಸಾಯುವುದಿಲ್ಲ. ಅವನನ್ನು ಕೆಡಿಸಿದ್ದು ಆ ಆಸೆಯೇ.

ಅನಂತಮೂರ್ತಿಯವರ 'ಬರ' ಕತೆ ಇದೇ ವ್ಯವಸ್ಥೆಯನ್ನು ಎದುರಿನ ತುದಿಯಿಂದ ನೋಡುತ್ತದೆ. ಇಲ್ಲಿ ಕೋಟೆಯ ಒಳಗೆ ಇರುವವನೇ ನಾಯಕ. ಯುವಕನೂ ಆದರ್ಶವಾದಿಯೂ ಆದ ಜಿಲ್ಲಾಧಿಕಾರಿಯ ಕಣ್ಣೆದುರಿಗೆ ಜಿಲ್ಲೆ ಒಣಗುತ್ತಿದೆ; ಬರವಿದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಬರ ಕಾಗದದ ಮೇಲೆ ಬರವಾಗುವುದಕ್ಕೆ ಮೇಲಿನವರ ಘೋಷಣೆ ಬೇಕು. ಆ ಮೇಲಿನವರ ಮೇಲೆಯೂ ಮೇಲಿನವರಿದ್ದಾರೆ. ಅಧಿಕಾರಿಯೂ ಒಬ್ಬ ಅರ್ಜಿದಾರನೇ ಎಂಬುದನ್ನು ಕನ್ನಡದಲ್ಲಿ ಇಷ್ಟು ನಿಚ್ಚಳವಾಗಿ ತೋರಿಸಿದ ಕತೆಗಳು ಕಡಿಮೆ. ಚಿತ್ತಾಲರ 'ಶಿಕಾರಿ' (1979) ಸರ್ಕಾರಿ ಕಚೇರಿಯ ಕಾದಂಬರಿಯಲ್ಲ. ಮುಂಬಯಿಯ ರಾಸಾಯನಿಕ ಕಂಪನಿಯೊಂದರ ಕತೆ. ಮೇಲಿನ ಹುದ್ದೆಯಲ್ಲಿರುವ ನಾಗಪ್ಪನನ್ನು ವಿಚಾರಣೆ ಮುಗಿಯುವವರೆಗೆ ರಜೆಯ ಮೇಲೆ ಕಳಿಸುತ್ತಾರೆ. ಆರೋಪ ಏನೆಂಬುದು ಅವನಿಗೆ ಗೊತ್ತಿಲ್ಲ. ಗೊತ್ತಿಲ್ಲದ ಆರೋಪಕ್ಕೆ ಉತ್ತರ ಕೊಡಲು ಹೊರಟವನು ತನ್ನ ಇಡೀ ಬದುಕನ್ನು, ಬಿಟ್ಟುಬಂದ ಊರನ್ನು, ಮರೆಯಬೇಕೆಂದಿದ್ದ ನೆನಪುಗಳನ್ನು ತಾನೇ ತನಿಖೆ ಮಾಡಿಕೊಳ್ಳಬೇಕಾಗುತ್ತದೆ. ಖಾಸಗಿ ಕಂಪನಿಯಾದರೇನು, ಸರ್ಕಾರವಾದರೇನು, ಕಾಗದದ ನಡೆ ಒಂದೇ ಎಂಬುದು ಈ ಕೃತಿಯಿಂದ ಸ್ಪಷ್ಟವಾಗುತ್ತದೆ.

ಈ ಮೂರೂ ಕೃತಿಗಳನ್ನು ಕಾಫ್ಕಾನ ಪಕ್ಕದಲ್ಲಿಟ್ಟಾಗ ಸಾಮ್ಯಗಳು ಕಣ್ಣಿಗೆ ಬೀಳುತ್ತವೆ. ನಮ್ಮ ತೌಲನಿಕ ಅಧ್ಯಯನಗಳು ಹೆಚ್ಚಾಗಿ ಅಷ್ಟಕ್ಕೇ ನಿಲ್ಲುತ್ತವೆ. ವ್ಯತ್ಯಾಸವೇ ಹೆಚ್ಚು ಮುಖ್ಯವೆಂದು ನನಗೆ ತೋರುತ್ತದೆ. ಕಾಫ್ಕಾನ ಹಳ್ಳಿಯಲ್ಲಿ ಅಧಿಕಾರಿ ಕಾಣುವುದಿಲ್ಲ. ಕೋಟೆಯ ಓಲೆಗಳನ್ನು ತರುವ ಬಾರ್ನಬಾಸನಿಗೂ ತಾನು ನೋಡಿದ್ದು ಕ್ಲಾಮ್ ಎಂಬ ಅಧಿಕಾರಿಯನ್ನೇ ಹೌದೇ ಎಂಬ ಅನುಮಾನವಿದೆ. ನಮ್ಮಲ್ಲಿ ಹಾಗಲ್ಲ. ತಬರನಿಗೆ ಎಲ್ಲರೂ ಗೊತ್ತು. ಗುಮಾಸ್ತ ಎದುರಿಗೇ ಕೂತಿದ್ದಾನೆ. ಅವನ ಊರು, ಜಾತಿ, ಸಾಲ, ಮಗಳ ಮದುವೆ ಎಲ್ಲವೂ ಊರಿಗೆ ತಿಳಿದಿದೆ. ನಾಗಪ್ಪನ ಬೇಟೆಗಾರರಲ್ಲಿ ಅವನ ಬಾಲ್ಯವನ್ನು ಬಲ್ಲವರಿದ್ದಾರೆ. ಇಷ್ಟೆಲ್ಲ ಗೊತ್ತಿದ್ದೂ ಗುರಿ ಮುಟ್ಟಲಾಗುವುದಿಲ್ಲ ಎಂಬುದೇ ಕನ್ನಡದ ಅನುಭವ. ಇಲ್ಲಿ ವ್ಯಕ್ತಿ ಕಾಣುತ್ತಾನೆ, ಕರ್ತೃ ಕಾಣುವುದಿಲ್ಲ. ಕೋಟೆ ಬೆಟ್ಟದ ಮೇಲಿಲ್ಲ, ವಾಕ್ಯದ ಒಳಗಿದೆ.

3

ಈ ಕೊನೆಯ ಮಾತಿಗೆ ವಿವರಣೆ ಬೇಕು. ಕನ್ನಡದ ಆಡುಮಾತಿನಲ್ಲಿ ಕರ್ಮಣಿ ಪ್ರಯೋಗ ಅಪರೂಪ. ಗಡಿಗೆಯನ್ನು ಕುಂಬಾರ ಮಾಡಿದ ಎನ್ನುತ್ತೇವೆ. ಕುಂಬಾರನಿಂದ ಗಡಿಗೆ ಮಾಡಲ್ಪಟ್ಟಿತು ಎಂಬ ವಾಕ್ಯ ವ್ಯಾಕರಣದ ಪುಸ್ತಕದಲ್ಲಿ ಮಾತ್ರ ಬದುಕುತ್ತದೆ. ಆದರೂ ಆ ಪುಸ್ತಕದ ವಾಕ್ಯದಲ್ಲಿ ಕುಂಬಾರ ಇದ್ದಾನೆ. ತೃತೀಯಾ ವಿಭಕ್ತಿಯನ್ನು ಹೊತ್ತು, ಸ್ವಲ್ಪ ಬದಿಗೆ ಸರಿದು ನಿಂತಿದ್ದಾನೆ. ಕಚೇರಿಯ ಕನ್ನಡ ಆರಿಸಿಕೊಂಡ ರೂಪ ಬೇರೆ: 'ಪರಿಶೀಲಿಸಲಾಗಿದೆ', 'ತಿರಸ್ಕರಿಸಲಾಗಿದೆ', 'ಕ್ರಮ ಕೈಗೊಳ್ಳಲಾಗುವುದು'. ಈ 'ಆಗು' ರೂಪದ ವಾಕ್ಯದಲ್ಲಿ ಕರ್ತೃ ಬದಿಗೆ ನಿಲ್ಲಲು ಸಹ ಸಾಮಾನ್ಯವಾಗಿ ಜಾಗವಿಲ್ಲ. ಮಳೆ ಆಗುವಂತೆ, ಬೆಳಗು ಆಗುವಂತೆ ತಿರಸ್ಕಾರವೂ ಆಗುತ್ತದೆ. ಮನುಷ್ಯನೊಬ್ಬ ಮಾಡಿದ ಕೆಲಸ ನಿಸರ್ಗದ ಘಟನೆಯ ರೂಪವನ್ನು ತಳೆಯುತ್ತದೆ. ಗಡಿಗೆಯಿದ್ದರೆ ಕುಂಬಾರ ಇರಲೇಬೇಕು ಎಂಬುದು ನಮ್ಮ ತರ್ಕಶಾಸ್ತ್ರಕಾರರು ಕಾರ್ಯಕಾರಣ ಸಂಬಂಧಕ್ಕೆ ಮತ್ತೆ ಮತ್ತೆ ಕೊಡುವ ದೃಷ್ಟಾಂತ. ಕುಂಬಾರನಿಲ್ಲದ ಗಡಿಗೆಯನ್ನು ಮಾಡಿ ತೋರಿಸಿರುವುದು ಕಚೇರಿ ಮಾತ್ರ.

ಇದು ಕನ್ನಡ ಗದ್ಯದ ಮೂಲಸ್ವಭಾವವೇ? ಹಾಗೆನ್ನುವಂತಿಲ್ಲ. ಕನ್ನಡದಲ್ಲಿ ಉಳಿದು ಬಂದಿರುವ ಅತಿ ಹಳೆಯ ಆಡಳಿತದ ಬರಹ ಶಾಸನ. ದಾನಶಾಸನವೊಂದು ಕೊಟ್ಟವರು ಯಾರು, ಪಡೆದವರು ಯಾರು, ಗಡಿ ಯಾವುದು, ಸಾಕ್ಷಿಗಳು ಯಾರು ಎಂಬುದನ್ನು ಹೇಳುತ್ತದೆ. ಬರೆದ ಸೇನಬೋವನ, ಕಂಡರಿಸಿದ ರೂವಾರಿಯ ಹೆಸರು ಹಲವು ಶಾಸನಗಳ ಕೊನೆಯಲ್ಲಿದೆ. ಮೈಸೂರಿನಿಂದ ಹೆಚ್ಚು ದೂರವಿಲ್ಲದ ಸೋಮನಾಥಪುರದಲ್ಲಿ ಶಿಲ್ಪಿ ಮಲ್ಲಿತಮ್ಮ ತನ್ನ ಮೂರ್ತಿಗಳ ಕೆಳಗೆ ಹೆಸರು ಕೊರೆದಿದ್ದಾನೆ. ದಾನವನ್ನು ಕೆಡಿಸಿದವನಿಗೆ ಯಾವ ಪಾಪ ಬರುತ್ತದೆ ಎಂಬ ಶಾಪಾಶಯವೂ ಶಾಸನದಲ್ಲಿರುತ್ತದೆ. ಎಂದರೆ ಮುಂದೆ ಹುಟ್ಟಬಹುದಾದ ತಪ್ಪಿತಸ್ಥನಿಗೂ ಆ ವಾಕ್ಯದಲ್ಲಿ ಒಂದು ಕರ್ತೃಸ್ಥಾನವಿದೆ. ಇಂದಿನ ಸರ್ಕಾರಿ ಆದೇಶವಾದರೋ 'ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ' ಎಂದು ಮುಗಿದು, ಕೆಳಗೆ ಅಧೀನ ಕಾರ್ಯದರ್ಶಿಯೊಬ್ಬರ ರುಜುವನ್ನು ಹೊತ್ತಿರುತ್ತದೆ. ಇದು ಸಂವಿಧಾನದ 166ನೆಯ ವಿಧಿಗೆ ಅನುಗುಣವಾದ ಕ್ರಮ. ಅದರಲ್ಲಿ ಮೋಸವೇನೂ ಇಲ್ಲ. ಆದರೆ ಹೆಸರು ಯಾರದೋ, ರುಜು ಯಾರದೋ, ತೀರ್ಮಾನ ಇನ್ಯಾರದೋ ಆಗಿರುವ ಈ ಗದ್ಯವನ್ನು ಶಾಸನದ ಪಕ್ಕದಲ್ಲಿಟ್ಟು ಓದಿದವರು ನಮ್ಮಲ್ಲಿ ಎಷ್ಟು ಮಂದಿ?

ಇದನ್ನೆಲ್ಲ ಇಂಗ್ಲಿಷಿನವರು ತಂದರು ಎಂದು ವಸಾಹತುಶಾಹಿಯ ತಲೆಗೆ ಕಟ್ಟುವುದು ಸುಲಭ. ಕಮಿಷನರುಗಳ ಆಳ್ವಿಕೆಯ (1831–1881) ಕಾಲದಲ್ಲಿ ಮೈಸೂರು ಸಂಸ್ಥಾನದ ಆಡಳಿತ ಹೊಸ ರೂಪ ಪಡೆಯಿತೆಂಬುದೂ, 1863ರಿಂದ ಕಂದಾಯ ಮೋಜಣಿ ಶುರುವಾಯಿತೆಂಬುದೂ, 1868ರಲ್ಲಿ ಬೆಂಗಳೂರಿನಲ್ಲಿ ಅಠಾರಾ ಕಚೇರಿ ಎದ್ದು ನಿಂತಿತೆಂಬುದೂ ನಿಜ. ಆದರೆ ಅಠಾರಾ, ಕಚೇರಿ, ಅರ್ಜಿ, ಹುಕುಂ, ಜಾರಿ, ತನಿಖೆ, ರುಜು, ತಕರಾರು ಈ ಪದಗಳಲ್ಲಿ ಒಂದೂ ಇಂಗ್ಲಿಷಿನದಲ್ಲ. ಪರ್ಷಿಯನ್ ಮತ್ತು ಅರಬ್ಬಿಯ ಪದಗಳು ಉರ್ದು, ಮರಾಠಿಗಳ ಹಾದಿಯಲ್ಲಿ ಬಂದು ನೆಲೆಸಿದ ಮೇಲೆ ಇಂಗ್ಲಿಷಿನ ನಮೂನೆಗಳು ಬಂದವು. 1963ರ ರಾಜಭಾಷಾ ಅಧಿನಿಯಮದ ನಂತರ ಅವುಗಳ ಮೇಲೆ ಸಂಸ್ಕೃತದ ಪದಗಳು ಕೂತವು. ಕಚೇರಿಯ ಕನ್ನಡವೆಂದರೆ ಈ ಪದರಗಳ ಒಟ್ಟು. ಕನ್ನಡವೇ ಆಡಳಿತ ಭಾಷೆಯಾಗಬೇಕೆಂದು ನಾವು ಹೋರಾಡಿದೆವು, ಅದು ಸರಿಯಾದ ಹೋರಾಟ. ಆದರೆ ಪದ ಕನ್ನಡವಾದರೆ ಸಾಕು, ಜನರಿಗೆ ಆಡಳಿತ ಅರ್ಥವಾಗುತ್ತದೆ ಎಂದು ನಂಬಿದ್ದು ತಪ್ಪಾಯಿತು. ನಮ್ಮ ಬೀದಿಯ ಹಿರಿಯರಿಗೆ ಬಂದ ಹಿಂಬರಹದ ಪ್ರತಿಯೊಂದು ಪದವೂ ಕನ್ನಡದ್ದೇ ಆಗಿತ್ತು.

4

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಅದನ್ನು ಬದಿಗೆ ತಳ್ಳಿ ಮುಂದೆ ಹೋಗುವುದು ಪ್ರಾಮಾಣಿಕವಲ್ಲ. ಕರ್ತೃವಿಲ್ಲದಿರುವುದೇ ಕಚೇರಿಯ ಗುಣ ಎಂದು ವಾದಿಸಬಹುದು. ಅಧಿಕಾರ ವ್ಯಕ್ತಿಯ ಪ್ರೀತಿ–ದ್ವೇಷಗಳಿಗೆ ಒಳಗಾಗದೆ ನಿಯಮದಂತೆ ನಡೆಯುವುದೇ ಆಧುನಿಕ ಆಡಳಿತದ ಲಕ್ಷಣವೆಂದು ಮ್ಯಾಕ್ಸ್ ವೆಬರ್ ವಿವರಿಸಿದ. ಕರ್ನಾಟಕದ ಹಿಂದುಳಿದ ಮತ್ತು ದಲಿತ ಸಮುದಾಯಗಳ ಪಾಲಿಗೆ ಇದು ಬರೀ ಸಿದ್ಧಾಂತವಲ್ಲ. ಶಾನುಭೋಗರು ಮತ್ತು ಪಟೇಲರು ಪಾರಂಪರಿಕವಾಗಿ ಅಧಿಕಾರ ನಡೆಸುತ್ತಿದ್ದ ಹಳ್ಳಿಯಲ್ಲಿ ಕರ್ತೃ ಸ್ಪಷ್ಟವಾಗಿ ಕಾಣುತ್ತಿದ್ದ. ಅವನ ಜಗಲಿಯ ಮುಂದೆ ಎಷ್ಟು ದೂರದಲ್ಲಿ ನಿಲ್ಲಬೇಕು ಎಂಬುದೂ ಸ್ಪಷ್ಟವಾಗಿತ್ತು. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯಿದೆ ಆ ಪಾರಂಪರಿಕ ಹಕ್ಕನ್ನು ತೆಗೆದುಹಾಕಿದಾಗ, ಹೆಸರಿಲ್ಲದ ಕಚೇರಿ ಅನೇಕರಿಗೆ ಬಿಡುಗಡೆಯಾಗಿ ಕಂಡಿತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಮಿಲ್ಲರ್ ಸಮಿತಿಯನ್ನು ನೇಮಿಸಿದ್ದು ಕಚೇರಿಯ ಒಳಗೆ ಯಾರು ಕೂರಬೇಕು ಎಂಬ ಪ್ರಶ್ನೆಯನ್ನು ಇಟ್ಟುಕೊಂಡೇ. ನಮ್ಮಲ್ಲಿ ಕೋಟೆ ಕೇವಲ ತಡೆಯಲ್ಲ. ಮಗನೋ ಮಗಳೋ ಒಂದು ದಿನ ಒಳಗೆ ಹೋಗಿ ಕೂರಬೇಕೆಂಬ ಹಂಬಲವೂ ಹೌದು. ನಾನು ಹೊಗಳಿದ ಶಾಸನಗಳಲ್ಲಿಯೂ ದಾನಿಯ ಹೆಸರಿದೆ, ರೂವಾರಿಯ ಹೆಸರಿದೆ. ದಾನವಾದ ನೆಲವನ್ನು ಉಳುತ್ತಿದ್ದವರ ಹೆಸರು ಬಹುಮಟ್ಟಿಗೆ ಇಲ್ಲ.

ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಹಳೆಯ ಊರಿಗೆ ಹಿಂತಿರುಗುವುದು ಪರಿಹಾರವಲ್ಲ. ಆದರೆ ನಿಷ್ಪಕ್ಷಪಾತಿಯಾಗಿರುವುದು ಬೇರೆ, ನಾಪತ್ತೆಯಾಗುವುದು ಬೇರೆ. ನಿಯಮ ಎಲ್ಲರಿಗೂ ಒಂದೇ ಎನ್ನುವ ಕಚೇರಿ, ಆ ನಿಯಮವನ್ನು ನನ್ನ ಅರ್ಜಿಗೆ ಅನ್ವಯಿಸಿದವರು ಯಾರೆಂದು ಹೇಳಲಾರದು ಎಂದೇನೂ ಇಲ್ಲ. ಕರ್ತೃವನ್ನು ಅಳಿಸಿದ್ದರಿಂದ ಜಾತಿಯೂ ವಶೀಲಿಯೂ ಅಳಿಯಲಿಲ್ಲ. ಅವು ವಾಕ್ಯದಿಂದ ಹೊರಬಂದು ಮೇಜಿನ ಕೆಳಗೆ ಸೇರಿಕೊಂಡವು.

ಈ ದೃಷ್ಟಿಯಿಂದ 'ದಿ ಕ್ಯಾಸಲ್'ನಲ್ಲಿ ಬರುವ ಅಮಾಲಿಯಾಳ ಪ್ರಸಂಗವನ್ನು ನಾವು ಬೇರೆಯಾಗಿ ಓದಬಲ್ಲೆವು. ಅಧಿಕಾರಿಯೊಬ್ಬ ತನ್ನಲ್ಲಿಗೆ ಬರುವಂತೆ ಬರೆದ ಅಸಭ್ಯ ಓಲೆಯನ್ನು ಅಮಾಲಿಯಾ ಹರಿದೆಸೆಯುತ್ತಾಳೆ. ಕೋಟೆ ಯಾವ ಶಿಕ್ಷೆಯನ್ನೂ ವಿಧಿಸುವುದಿಲ್ಲ. ಊರೇ ಆ ಮನೆಯನ್ನು ದೂರವಿಡುತ್ತದೆ. ತಂದೆಯ ಕೆಲಸ ಹೋಗುತ್ತದೆ. ಕ್ಷಮೆ ಕೇಳಲು ಹೋದ ತಂದೆಗೆ ಸಿಗುವ ಉತ್ತರ, ನಿಮ್ಮ ಮೇಲೆ ದೂರೇ ಇಲ್ಲ, ಕ್ಷಮಿಸುವುದು ಏನನ್ನು ಎಂದು. ಯುರೋಪಿನ ವ್ಯಾಖ್ಯಾನಕಾರರಿಗೆ ಇದು ಒಗಟು. ಬಹಿಷ್ಕಾರ ಎಂಬ ಪದವನ್ನು ದಿನಪತ್ರಿಕೆಯಲ್ಲಿ ಓದುವ ನಮಗೆ ಇದು ಒಗಟಾಗಬೇಕಿಲ್ಲ. ಆದೇಶವಿಲ್ಲದೆ, ದಾಖಲೆಯಿಲ್ಲದೆ, 'ಯಾರೂ' ಮಾಡದೆ ನಡೆಯುವ ಶಿಕ್ಷೆಯನ್ನು ನಮ್ಮ ಊರುಗಳು ಕಚೇರಿಗಿಂತ ಮೊದಲೇ ಬಲ್ಲವು. ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಕಡಲೆಕಾಯಿ ಹುಡುಕಿಕೊಂಡು ಪೊಲೀಸರು ಸಾಕವ್ವನ ಮನೆಗೆ ಬರುವಾಗ, ಊರು ಮತ್ತು ಪ್ರಭುತ್ವ ಎರಡೂ ಒಟ್ಟಿಗೇ ಆ ಹಟ್ಟಿಯ ಬಾಗಿಲಲ್ಲಿ ನಿಂತಿರುತ್ತವೆ. ಕಾಫ್ಕಾನನ್ನು ಬಳಸಿ ಕನ್ನಡವನ್ನು ವಿವರಿಸುವುದನ್ನಷ್ಟೇ ಕಲಿತಿರುವ ನಾವು, ಕನ್ನಡದ ಅನುಭವದಿಂದ ಕಾಫ್ಕಾನನ್ನು ವಿವರಿಸಲು ಇನ್ನೂ ತೊಡಗಿಲ್ಲ.

5

ಅಂತಹ ಇನ್ನೊಂದು ಓದಿನ ಸಾಧ್ಯತೆಯನ್ನು ಸೂಚಿಸುತ್ತೇನೆ. 'ದಿ ಕ್ಯಾಸಲ್' ವಾಕ್ಯದ ನಡುವೆಯೇ ನಿಂತುಹೋಗಿರುವ ಕೃತಿ. ಕಾಫ್ಕಾ ತನಗೆ ಹೇಳಿದ್ದನೆಂದು ಬ್ರಾಡ್ ದಾಖಲಿಸಿರುವ ಮುಕ್ತಾಯ ಹೀಗಿದೆ: ಕೆ. ದಣಿದು ಸಾಯುತ್ತಿರುವಾಗ ಕೋಟೆಯಿಂದ ಸುದ್ದಿ ಬರುತ್ತದೆ. ಈ ಹಳ್ಳಿಯಲ್ಲಿ ವಾಸಿಸುವ ಕಾನೂನುಬದ್ಧ ಹಕ್ಕು ಅವನಿಗಿಲ್ಲ, ಆದರೂ ಕೆಲವು ಇತರ ಸಂದರ್ಭಗಳನ್ನು ಗಮನಿಸಿ ಅವನು ಅಲ್ಲಿ ಇದ್ದು ದುಡಿಯಲು ಅಡ್ಡಿಯಿಲ್ಲ. ಇದನ್ನು ವ್ಯಂಗ್ಯದ ಪರಾಕಾಷ್ಠೆಯೆಂದು ನಾವು ಪಾಠ ಹೇಳುತ್ತೇವೆ. ಆದರೆ ಕರ್ನಾಟಕದ ರೈತನಿಗೆ ಈ ಸ್ಥಿತಿಗೊಂದು ಹೆಸರು ಗೊತ್ತಿದೆ: ಬಗರ್ ಹುಕುಂ. 'ಹುಕುಂ ಇಲ್ಲದೆ' ಎಂಬುದು ಆ ಪದದ ಅರ್ಥ. ಸರ್ಕಾರಿ ಜಮೀನನ್ನು ಆದೇಶವಿಲ್ಲದೆ ಉತ್ತು ಬದುಕಿದವರು ಸಕ್ರಮಕ್ಕಾಗಿ 1990ರ ದಶಕದ ಆರಂಭದಲ್ಲಿ 50ನೆಯ ನಮೂನೆಯಲ್ಲಿ ಅರ್ಜಿ ಹಾಕಿದರು, ಆ ದಶಕದ ಕೊನೆಯಲ್ಲಿ 53ನೆಯ ನಮೂನೆಯಲ್ಲಿ, 2018ರ ನಂತರ 57ನೆಯ ನಮೂನೆಯಲ್ಲಿ. ತಂದೆ ಹಾಕಿದ ಅರ್ಜಿಯ ರಸೀತಿಯನ್ನು ಮಗ ಟ್ರಂಕಿನಲ್ಲಿ ಕಾಪಾಡಿಕೊಂಡಿರುವ ಮನೆಗಳು ನಮ್ಮ ವಿದ್ಯಾರ್ಥಿಗಳವೇ ಆಗಿರುತ್ತವೆ. ಅಂತಹ ವಿದ್ಯಾರ್ಥಿಗೆ ಕೆ. ಎಂದರೆ ಪರಕೀಯತೆಯ ಸಂಕೇತವಲ್ಲ, ಒಬ್ಬ ಬಗರ್ ಹುಕುಂ ಸಾಗುವಳಿದಾರ. ಅವನಿಗೆ 'ಅಸಂಗತ' ಎಂಬ ಪದವನ್ನು ಕಲಿಸುವ ನಾವು, ಅವನ ಮನೆಯ ಟ್ರಂಕಿನಲ್ಲಿರುವ ಪಠ್ಯವನ್ನು ಓದಲು ಕಲಿಸುತ್ತಿಲ್ಲ.

ಈಚಿನ ಸುಧಾರಣೆಗಳನ್ನು ನಾನು ಅಲ್ಲಗಳೆಯುವುದಿಲ್ಲ. 'ಭೂಮಿ' ಯೋಜನೆ 2001ರ ಹೊತ್ತಿಗೆ ಪಹಣಿಗಳನ್ನು ಗಣಕಕ್ಕೆ ಏರಿಸಿತು. 2005ರ ಮಾಹಿತಿ ಹಕ್ಕು ಕಾಯಿದೆ ಕಡತದೊಳಗಿನ ಟಿಪ್ಪಣಿಯನ್ನು, ಎಂದರೆ ಕರ್ತೃವಿನ ಕೈಬರಹವನ್ನು, ನೋಡುವ ದಾರಿ ತೆರೆಯಿತು. 2011ರ ಕಾಯಿದೆಯ ಆಧಾರದ ಮೇಲೆ 2012ರಲ್ಲಿ ಬಂದ 'ಸಕಾಲ' ಅರ್ಜಿಗೆ ಹದಿನೈದು ಅಂಕಿಗಳ ಒಂದು ಸಂಖ್ಯೆಯನ್ನೂ ಒಂದು ಗಡುವನ್ನೂ ಕೊಟ್ಟಿತು. ಇವು ಸಣ್ಣ ಗಳಿಕೆಗಳಲ್ಲ. ತಬರನ ಕಾಲದಲ್ಲಿ ಇವು ಇದ್ದಿದ್ದರೆ ಕತೆ ಬೇರೆಯಾಗಬಹುದಿತ್ತು. ಆದರೆ ಗಡುವು ಮುಗಿಯುವುದರೊಳಗೆ ಬರುವ ಉತ್ತರದ ವಾಕ್ಯರಚನೆ ಹಳೆಯದೇ. ಕಚೇರಿಯ ಯಂತ್ರ ಬದಲಾಗಿದೆ, ಕ್ರಿಯಾಪದ ಬದಲಾಗಿಲ್ಲ. ಕ್ರಿಯಾಪದ ತಂತ್ರಜ್ಞರ ಹೊಣೆಯಲ್ಲ, ನಮ್ಮದು.

6

ಹಾಗಾದರೆ ಕನ್ನಡ ವಿಭಾಗಗಳು ಮಾಡಬೇಕಾದದ್ದೇನು? ಮೊದಲನೆಯದು ಸಂಗ್ರಹ. ಬಿ.ಎಲ್. ರೈಸ್ ತೊಡಗಿದ 'ಎಪಿಗ್ರಾಫಿಯಾ ಕರ್ನಾಟಿಕ'ದ ಸಂಪುಟಗಳನ್ನು ಪರಿಷ್ಕರಿಸಿ ಪ್ರಕಟಿಸುವ ಕೆಲಸಕ್ಕೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಕೈಹಾಕಿತು. ಕಲ್ಲಿನ ಮೇಲಿನ ಆಡಳಿತ ಗದ್ಯಕ್ಕೆ ನಾವು ಕೊಟ್ಟ ಶ್ರದ್ಧೆಯ ನೂರರಲ್ಲಿ ಒಂದು ಪಾಲನ್ನೂ ಕಾಗದದ ಮೇಲಿನ ಆಡಳಿತ ಗದ್ಯಕ್ಕೆ ಕೊಟ್ಟಿಲ್ಲ. ಅರ್ಜಿ, ಹಿಂಬರಹ, ಷರಾ, ಮಹಜರು ಇವುಗಳನ್ನು ವಾರಸುದಾರರ ಒಪ್ಪಿಗೆ ಪಡೆದು, ಹೆಸರುಗಳನ್ನು ಮರೆಮಾಡಿ, ಜಿಲ್ಲಾವಾರು ಸಂಗ್ರಹಿಸಬಹುದು. ಅರ್ಜಿ ಬರೆಯುವವರು ಒಂದು ಪ್ರತ್ಯೇಕ ಗದ್ಯಶೈಲಿಯ ವಾರಸುದಾರರು. ಜಾನಪದ ಕಲಾವಿದರನ್ನು ಸಂದರ್ಶಿಸುವ ನಮ್ಮ ಸಂಶೋಧನಾ ವಿದ್ಯಾರ್ಥಿಗಳು ಅವರ ಮುಂದೆಯೂ ಒಮ್ಮೆ ಕೂರಬೇಕು. ಎರಡನೆಯದು ಪಠ್ಯಕ್ರಮ. ಆಡಳಿತ ಕನ್ನಡವನ್ನು ನಾವು ನಮೂನೆ ತುಂಬುವ ಕೌಶಲವಾಗಿ ಒಂದು ಪತ್ರಿಕೆಯಲ್ಲಿ, ಆಧುನಿಕ ಕಥನವನ್ನು ಸೌಂದರ್ಯಾನುಭವವಾಗಿ ಇನ್ನೊಂದು ಪತ್ರಿಕೆಯಲ್ಲಿ ಕಲಿಸುತ್ತೇವೆ. 'ತಬರನ ಕಥೆ'ಯ ಪಕ್ಕದಲ್ಲಿ ನಿಜವಾದ ಒಂದು ಹಿಂಬರಹವನ್ನಿಟ್ಟು, ಇವೆರಡರ ಕ್ರಿಯಾಪದಗಳನ್ನು ಹೋಲಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಿದರೆ ಆ ಗೋಡೆ ತಾನಾಗಿ ಬೀಳುತ್ತದೆ.

ಮೂರನೆಯದು ನಮ್ಮದೇ ಗದ್ಯ. ಯಾವುದಾದರೂ ಪಿಎಚ್.ಡಿ. ಮಹಾಪ್ರಬಂಧದ ಪ್ರಸ್ತಾವನೆಯನ್ನು ತೆರೆದು ನೋಡಿ: 'ಗುರುತಿಸಲಾಗಿದೆ', 'ವಿಶ್ಲೇಷಿಸಲಾಗಿದೆ', 'ಕಂಡುಕೊಳ್ಳಲಾಗಿದೆ'. ಗುರುತಿಸಿದವರು ಯಾರು, ಕಂಡುಕೊಂಡವರು ಯಾರು? ತಪ್ಪಾದರೆ ಹೊಣೆ ಹೊರಬೇಕಾದವರು ಯಾರು? ಕಚೇರಿ ತನ್ನ ತೀರ್ಮಾನವನ್ನು ನಿಸರ್ಗದ ಘಟನೆಯಂತೆ ಬರೆಯುತ್ತದೆ ಎಂದು ಮೇಲೆ ದೂರಿದೆ. ನಾವೂ ನಮ್ಮ ಅಭಿಪ್ರಾಯವನ್ನು ಹಾಗೆಯೇ ಬರೆಯುತ್ತಿದ್ದೇವೆ. ಅದಕ್ಕೆ ವಸ್ತುನಿಷ್ಠತೆ ಎಂಬ ಗೌರವದ ಹೆಸರನ್ನು ಕೊಟ್ಟಿದ್ದೇವೆ. ಈ ಗದ್ಯವನ್ನು ನಮ್ಮಿಂದ ಕಲಿತು ಹೋದ ವಿದ್ಯಾರ್ಥಿಗಳಲ್ಲಿ ಹಲವರು ಸ್ಪರ್ಧಾತ್ಮಕ ಪರೀಕ್ಷೆ ಬರೆದು ಕಚೇರಿಗಳಲ್ಲಿ ಕೂರುತ್ತಾರೆ ಎಂಬುದನ್ನು ನಾವು ಮರೆಯಬಾರದು. ಹಿಂಬರಹವನ್ನು ಬರೆದವರು ನಮ್ಮ ತರಗತಿಯಿಂದಲೇ ಎದ್ದು ಹೋದವರಾಗಿರಬಹುದು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತದೆ ಗಾದೆ. ಮಾಡುವುದು ಕಷ್ಟ, ಒಡೆಯುವುದು ಸುಲಭ ಎಂದು ಇದಕ್ಕೆ ಅರ್ಥ ಹೇಳುತ್ತ ಬಂದಿದ್ದೇವೆ. ಗಾದೆಯಲ್ಲಿ ಇನ್ನೊಂದು ವಿಷಯವೂ ಇದೆ: ಮಾಡಿದವನೂ ಅಲ್ಲಿದ್ದಾನೆ, ಒಡೆದದ್ದು ಯಾವುದೆಂಬುದೂ ಅಲ್ಲಿದೆ. ನಮ್ಮ ಬೀದಿಯ ಹಿರಿಯರು ಎರಡನೆಯ ಅರ್ಜಿಯನ್ನು ಸಲ್ಲಿಸಿದ್ದಾರೆ. ಈ ಸಲ ಅರ್ಜಿ ಬರೆಯುವವರೂ ನಾನೂ ಒಟ್ಟಿಗೆ ಕೂತು ಅದನ್ನು ಬರೆದೆವು. ನಮೂನೆ ಅವರದು. ಕೊನೆಯ ವಾಕ್ಯ ಹಿರಿಯರದು: ಆಗುವುದಿಲ್ಲವೆಂದಾದರೆ, ಆಗುವುದಿಲ್ಲವೆಂದು ತೀರ್ಮಾನಿಸಿದವರು ತಮ್ಮ ಹೆಸರನ್ನೂ ಕಾರಣವನ್ನೂ ಬರೆದು ತಿಳಿಸಬೇಕಾಗಿ ಕೋರುತ್ತೇನೆ. ಉತ್ತರ ಇನ್ನೂ ಬಂದಿಲ್ಲ.